ಹೋಂವರ್ಕ್ ಡೈರಿಗೆ ಮರಳಲಿ: ಜಿಲ್ಲಾ ಪಂಚಾಯಿತಿಗೆ ಮೊಬೈಲ್ ಅಂಗಡಿಯವನ ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯಿತಿ, ಶಿವಮೊಗ್ಗ.

ವಿಷಯ: ಪ್ರಾಥಮಿಕ ಶಾಲೆಯ ಮಕ್ಕಳ ಮೊಬೈಲ್ ಆಟದ ಗೀಳು ಮತ್ತು ಅದರಲ್ಲಿ ಶಾಲೆಯ ಪಾಲಿನ ಬಗ್ಗೆ.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ ಮೊಬೈಲ್ ಅಂಗಡಿ ನಡೆಸುವವನು. ಹೊಸ ಫೋನ್ ಮಾರುವುದಕ್ಕಿಂತ ಹಳೆಯದರ ಡಿಸ್‌ಪ್ಲೇ ಬದಲಿಸುವುದು, ಚಾರ್ಜಿಂಗ್ ಪಿನ್ ಸರಿಮಾಡುವುದು, ರೀಚಾರ್ಜ್ ಹಾಕುವುದು, ಮರೆತುಹೋದ ಲಾಕ್ ತೆಗೆಯುವುದು ಇವೇ ನನ್ನ ಹೊಟ್ಟೆಪಾಡು. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸದಸ್ಯನೂ ಹೌದು. ಮಗಳು ಅದೇ ಶಾಲೆಯ ನಾಲ್ಕನೇ ತರಗತಿಯಲ್ಲಿದ್ದಾಳೆ. ಮೊಬೈಲ್ ಮಾರುವವನೇ ಮೊಬೈಲ್ ಬಗ್ಗೆ ದೂರು ಬರೆಯುತ್ತಾನಲ್ಲ ಎಂದು ತಮಗೆ ನಗು ಬರಬಹುದು. ಊರಿನ ಕಾಯಿಲೆಗಳೆಲ್ಲ ಔಷಧದಂಗಡಿಯವನಿಗೆ ಗೊತ್ತಾಗುವಂತೆ, ಯಾವ ಮನೆಯ ಫೋನ್ ಯಾರ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದು ನನ್ನ ಟೇಬಲ್ಲಿನ ಮೇಲೆ ಬಿಚ್ಚಿಕೊಳ್ಳುತ್ತದೆ.

ತಮಗೇ ಬರೆಯಲು ಕಾರಣವಿದೆ. ಶಾಲೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಪ್ರಾಥಮಿಕ ಆರೋಗ್ಯ ಕೇಂದ್ರ ಈ ಮೂರಕ್ಕೂ ಸಂಬಂಧಪಟ್ಟ ಕಡತಗಳು ಜಿಲ್ಲಾ ಪಂಚಾಯಿತಿಗೆ ಬರುತ್ತವೆ. ನಾನು ಹೇಳಬೇಕಾಗಿರುವ ಸಂಗತಿ ಸರಿಯಾಗಿ ಆ ಮೂರರ ನಡುವಿನ ಸಂದಿಯಲ್ಲಿ ಬಿದ್ದಿದೆ. ಮೇಷ್ಟರನ್ನು ಕೇಳಿದರೆ ಅದು ಮನೆಯವರ ಕೆಲಸ ಎನ್ನುತ್ತಾರೆ, ಮನೆಯವರು ಮೇಷ್ಟರತ್ತ ಬೆರಳು ತೋರಿಸುತ್ತಾರೆ, ಆಸ್ಪತ್ರೆಯಲ್ಲಿ ಇದನ್ನು ಯಾರೂ ಕೇಳುವುದೇ ಇಲ್ಲ.

ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಅಂಗಡಿಗೆ ಬಂದರು. ಬೆಂಗಳೂರಿನ ಮಗ ಕಳುಹಿಸುವ ಫೋಟೊ ಬರುತ್ತಿಲ್ಲ, ನೆಟ್‌ವರ್ಕ್ ತೊಂದರೆಯೋ ಏನೋ ನೋಡು ಎಂದರು. ತೆರೆದು ನೋಡಿದರೆ ಫೋನಿನೊಳಗೆ ಜಾಗವೇ ಇರಲಿಲ್ಲ. ಹಳೆಯ ಫೋಟೊಗಳಾಗಲಿ, ತೀರಿಹೋದ ಯಜಮಾನರು ಮೊಮ್ಮಗಳ ನಾಮಕರಣದಲ್ಲಿ ಹಾಡಿದ್ದ ವಿಡಿಯೊ ಆಗಲಿ ಒಂದೂ ಉಳಿದಿರಲಿಲ್ಲ. ಆ ಜಾಗದಲ್ಲೆಲ್ಲ ಆಟಗಳು ತುಂಬಿಕೊಂಡಿದ್ದವು. ಜೊತೆಗೆ ಬಂದಿದ್ದ ಮೊಮ್ಮಗ ಮೂರನೇ ತರಗತಿಯವನು. ನೀನೇ ಅಳಿಸಿದೆಯೇನೋ ಎಂದು ಕೇಳಿದೆ. "ಅಪ್‌ಡೇಟ್ ಕೇಳುತ್ತಿತ್ತು ಅಣ್ಣ, ಜಾಗ ಬೇಕು ಅಂತ ಬಂತು" ಎಂದ. ಅವನಿಗೆ ಅಳುಕೇನೂ ಇರಲಿಲ್ಲ. ಫೋನ್ ಕೇಳಿತು, ಇವನು ಕೊಟ್ಟ, ಅಷ್ಟೇ. ಅಜ್ಜಿಗೆ ವಿಷಯ ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವರು ಹುಡುಗನಿಗೆ ಬೈಯಲಿಲ್ಲ. ವಿಡಿಯೊ ವಾಪಸ್ಸು ಬರುತ್ತದೆಯೇ ಎಂದು ಮಾತ್ರ ಕೇಳಿದರು. ಬರಲಿಲ್ಲ.

ಇನ್ನೊಬ್ಬ ತಾಯಿ ಮಗನಿಗೆ ಗೊತ್ತಾಗದ ಹಾಗೆ ಲಾಕ್ ಹಾಕಿಕೊಡಿ ಎಂದು ಬಂದಿದ್ದರು. ಹೊಸ ಪ್ಯಾಟರ್ನ್ ಎಳೆಯುವಾಗ ಹುಡುಗ ಹಿಂದೆ ನಿಂತು, ನನ್ನ ಷೋಕೇಸಿನ ಗಾಜಿನಲ್ಲಿ ಬೀಳುತ್ತಿದ್ದ ಪ್ರತಿಬಿಂಬವನ್ನು ನೋಡಿ ಅದನ್ನು ಕಲಿಯುತ್ತಿದ್ದ. ಇಷ್ಟು ಚುರುಕಿನ ಹುಡುಗ ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ಬೆರಳು ಎಣಿಸುತ್ತಾನೆ ಎಂದು ಅವರೇ ಹೇಳಿದರು. ಚಾರ್ಜಿಂಗ್ ಪಿನ್ ಹಾಕುವವರೆಗೆ ಬೆಂಚಿನ ಮೇಲೆ ಕಾಯುವ ಮಕ್ಕಳನ್ನು ನೋಡಬೇಕು. ಕೈಯಲ್ಲಿ ಫೋನ್ ಇರುವುದಿಲ್ಲ. ಆದರೂ ಎರಡೂ ಹೆಬ್ಬೆರಳು ತೊಡೆಯ ಮೇಲೆ ಅಲುಗಾಡುತ್ತಲೇ ಇರುತ್ತವೆ. ಕೂಲಿ ಹಣ ಬರುವ ಖಾತೆಯಿಂದ ಇಪ್ಪತ್ತು, ಐವತ್ತು, ಎಂಬತ್ತು ರೂಪಾಯಿ ಹೀಗೆ ಸಣ್ಣ ಸಣ್ಣ ಮೊತ್ತ ಕಡಿತವಾಗಿದೆ, ಬ್ಯಾಂಕಿನವರ ಮೋಸ ಇರಬೇಕು ಎಂದು ಬರುವವರೂ ಇದ್ದಾರೆ. ಮೆಸೇಜು ತೆಗೆದು ತೋರಿಸಿದರೆ ಅದು ಆಟದೊಳಗಿನ ಬಂದೂಕಿಗೆ ಹೊಸ ಬಣ್ಣ ಕೊಂಡ ಲೆಕ್ಕ. ಅಪ್ಪನ ಯುಪಿಐ ಪಿನ್ ಮಗನಿಗೆ ಬಾಯಿಪಾಠ.

ಆಡುವ ಮಕ್ಕಳೆಲ್ಲ ರೋಗಿಗಳು ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ವ್ಯಸನವನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು ನಿಜ. 2019ರಲ್ಲಿ ಅಂಗೀಕಾರವಾದ ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲೂ ಷರತ್ತುಗಳಿವೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದು ಎಲ್ಲಕ್ಕಿಂತ ಆಟವೇ ಮುಂದೆ ಬಂದಿರಬೇಕು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ನಡೆದಿರಬೇಕು. ಆ ಮಟ್ಟ ಮುಟ್ಟುವ ಮಕ್ಕಳು ಕೆಲವರೇ. ಉಳಿದವರು ಆ ದಾರಿಯಲ್ಲಿ ಅರ್ಧ ನಡೆದು ನಿಂತಿದ್ದಾರೆ. ಅವರನ್ನು ವಾಪಸ್ಸು ಕರೆತರಲು ಮನೋವೈದ್ಯರೇನೂ ಬೇಕಾಗಿಲ್ಲ. ಸಂಜೆ ನಾಲ್ಕೂವರೆಯಿಂದ ರಾತ್ರಿ ಊಟದವರೆಗೆ ಮಾಡಲು ಏನಾದರೂ ಬೇಕು, ಫೋನ್ ಕೈಗೆ ತೆಗೆದುಕೊಳ್ಳಲು ನೆಪ ಇರಬಾರದು. ನನ್ನ ತಕರಾರು ಇರುವುದು ಈ ನೆಪದ ಬಗ್ಗೆ.

ಈ ಫೋನು ಮಕ್ಕಳ ಕೈಗೆ ಬಂದದ್ದು ಹೇಗೆ ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಪೂರ್ತಿಯಾಗಿ ತರಗತಿಗೆ ಮರಳಿದ್ದು 2021ರ ಅಕ್ಟೋಬರ್ 25ರಂದು. ಆ ನಡುವೆ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದು, ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆ ಕಾಲದಲ್ಲಿ ಸಾಲ ಮಾಡಿ, ಓಲೆ ಅಡವಿಟ್ಟು ಫೋನ್ ಕೊಂಡವರಿಗೆ ನಾನೇ ಫೋನ್ ಕೊಟ್ಟಿದ್ದೇನೆ. ಮಗುವಿನ ವಿದ್ಯೆಗಾಗಿ ಎಂದು ಕೊಂಡರು. ಆಗ ಬೇರೆ ದಾರಿ ಇರಲಿಲ್ಲ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಶಾಲೆ ತೆರೆದ ಮೇಲೆ ಮಾತ್ರ ಯಾರೂ ಮಕ್ಕಳಿಗೆ ಹೇಳಲಿಲ್ಲ, ಇನ್ನು ಈ ಫೋನ್ ನಿನ್ನ ಪಾಠದ ಸಾಮಾನಲ್ಲ ಎಂದು. ಹೇಳುವುದಿರಲಿ, ವಾಟ್ಸ್‌ಆ್ಯಪ್ ಗುಂಪು ಹಾಗೆಯೇ ಮುಂದುವರಿಯಿತು.

ಇವತ್ತು ಎರಡನೇ ತರಗತಿಯ ಮಗುವಿನ ಹೋಂವರ್ಕ್ ಸಂಜೆ ಐದರ ಮೇಲೆ ಗುಂಪಿಗೆ ಬರುತ್ತದೆ. ಪದ್ಯ ಹಾಡಿ ವಿಡಿಯೊ ಕಳುಹಿಸಿ, ಚಿತ್ರ ಬರೆದು ಫೋಟೊ ಹಾಕಿ, ಈ ಲಿಂಕ್ ಒತ್ತಿ ಕತೆ ಕೇಳಿಸಿ. ಕತೆ ಮುಗಿಯುವ ಹೊತ್ತಿಗೆ ಅದರ ಕೆಳಗೆ ಬೇರೆಯೇ ಏನೋ ಬಂದು ಕುಳಿತಿರುತ್ತದೆ. ಪಕ್ಕದ ಪೇಟೆಯ ಒಂದು ಖಾಸಗಿ ಶಾಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರದ್ದೇ ಆ್ಯಪ್ ಇದೆ. ಹೋಂವರ್ಕ್ ಅದರಲ್ಲೇ. ದಿನವೂ ತೆರೆದ ಮಗುವಿಗೆ ನಾಣ್ಯ, ವಾರ ಪೂರ್ತಿ ತೆರೆದರೆ ಪದಕ. ಆಟದ ಕಂಪನಿಗಳು ಮಕ್ಕಳನ್ನು ಹಿಡಿದಿಡಲು ಕಂಡುಕೊಂಡ ಉಪಾಯವನ್ನೇ ಶಾಲೆ ಶುಲ್ಕ ಕೊಟ್ಟು ತಂದುಕೊಂಡಿದೆ. ಆ ಆ್ಯಪ್ ಓಡದ ಹಳೆಯ ಫೋನ್ ಇದ್ದವರು ನನ್ನಲ್ಲಿ ಬಂದು ಹೊಸದು ಕೊಳ್ಳುತ್ತಾರೆ. ವ್ಯಾಪಾರಕ್ಕೆ ಒಳ್ಳೆಯದೇ.

ಮಳೆ ರಜೆಯದ್ದು ಇನ್ನೊಂದು ಕತೆ. ಜೂನ್ ಕಳೆದ ಮೇಲೆ ನಮ್ಮ ಕಡೆ ರಜೆ ಯಾವ ದಿನ ಎಂದು ಹೇಳಲು ಬರುವುದಿಲ್ಲ. ಕಾಲುಸಂಕದ ಮೇಲೆ ನೀರು ಬಂದರೆ ಮಕ್ಕಳನ್ನು ಕಳುಹಿಸುವಂತಿಲ್ಲ. ರಜೆ ಕೊಡುವುದು ಸರಿಯಾದ ಕ್ರಮವೇ. ಆದರೆ ರಜೆಯ ಸುದ್ದಿ ರಾತ್ರಿಯೋ ಬೆಳಗಿನ ಜಾವವೋ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಹಾಗಾಗಿ ಮಗು ಎದ್ದು ಹಲ್ಲುಜ್ಜುವ ಮೊದಲು ಫೋನ್ ತೆಗೆದುಕೊಳ್ಳುತ್ತದೆ. ರಜೆ ಇದೆಯಾ ನೋಡುತ್ತೇನೆ ಎಂದರೆ ಬೇಡ ಎನ್ನುವವರು ಯಾರು? ರಜೆ ಇದ್ದರೆ ಫೋನ್ ಕೆಳಗಿಡುವುದು ಮಧ್ಯಾಹ್ನದ ಊಟಕ್ಕೆ.

ನಗರದವರು, ಅಧಿಕಾರಿಗಳು ಸಹ, ಒಂದು ಸಲಹೆ ಕೊಡುತ್ತಾರೆ: ಮಕ್ಕಳನ್ನು ಹೊರಗೆ ಆಡಲು ಬಿಡಿ. ಅದರಲ್ಲೂ ಮಲೆನಾಡಿನವರಿಗೆ ಹೇಳುವಾಗ ಅವರ ಕಣ್ಣಲ್ಲಿ ಕಾಡು, ಹೊಳೆ, ಗದ್ದೆ ಎಲ್ಲ ಬಂದುಬಿಡುತ್ತದೆ. ಇಲ್ಲಿಯ ಮನೆ ಎಂದರೆ ಒಂಟಿಮನೆ. ತೋಟದ ತಲೆಯಲ್ಲಿ ಒಂದು ಮನೆ, ಮುಂದಿನ ಮನೆಗೆ ದರೆ ಹತ್ತಿ ಇಳಿಯಬೇಕು, ಆ ಮನೆಯಲ್ಲಿ ಮಕ್ಕಳೇ ಇಲ್ಲ, ಇದ್ದವರು ಬೆಂಗಳೂರಿನಲ್ಲಿದ್ದಾರೆ. ಶಾಲೆಯಲ್ಲಿ ಎಲ್ಲ ತರಗತಿ ಸೇರಿ ಕೈಬೆರಳೆಣಿಕೆಯ ಮಕ್ಕಳಿರುವ ಊರುಗಳು ನಮ್ಮ ತಾಲ್ಲೂಕಿನಲ್ಲಿ ಕಡಿಮೆಯೇನಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಕಾಲಿಟ್ಟರೆ ಜಿಗಣೆ. ಮಳೆ ಹೋಗಿ ಬಿಸಿಲು ಬಂತು ಎನ್ನುವಾಗ ಮಂಗನ ಕಾಯಿಲೆಯ ಕಾಲ. 1957ರಲ್ಲಿ ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಆ ಜ್ವರ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಡಿಸೆಂಬರ್ ಬಂದರೆ ಆರೋಗ್ಯ ಇಲಾಖೆಯವರೇ ಕಾಡಿಗೆ ಹೋಗಬೇಡಿ, ಈ ಜ್ವರ ಹರಡುವ ಉಣುಗು ಕಚ್ಚುತ್ತದೆ ಎಂದು ಎಚ್ಚರಿಸುತ್ತಾರೆ. ಒಂದು ಇಲಾಖೆ ಹೊರಗೆ ಬಿಡಿ ಎನ್ನುತ್ತದೆ, ಒಂದು ಇಲಾಖೆ ಬಿಡಬೇಡಿ ಎನ್ನುತ್ತದೆ. ಎರಡೂ ಸರಿ. ಮಗು ಜಗುಲಿಯಲ್ಲಿ ಕುಳಿತು ಫೋನ್ ನೋಡುತ್ತದೆ.

ಆ ಫೋನಿನೊಳಗೆ ಅದಕ್ಕೆ ಜೊತೆಗಾರರಿದ್ದಾರೆ ಎಂಬುದನ್ನು ದೊಡ್ಡವರು ಗಮನಿಸುವುದೇ ಇಲ್ಲ. ನನ್ನ ಅಂಗಡಿಗೆ ಬರುವ ಐದನೇ ತರಗತಿಯ ಒಬ್ಬ ಹುಡುಗನಿಗೆ ಮನೆಯ ಸುತ್ತ ಒಂದು ಮೈಲಿಯೊಳಗೆ ಅವನ ವಯಸ್ಸಿನವರಿಲ್ಲ. ಆಟದಲ್ಲಿ ಅವನದು ನಾಲ್ಕು ಜನರ ತಂಡ. ಒಬ್ಬ ದಾವಣಗೆರೆಯವನು, ಇಬ್ಬರು ಎಲ್ಲಿಯವರೋ ಗೊತ್ತಿಲ್ಲ. ಇವನು ಬರದಿದ್ದರೆ ಅವರು ಆಟ ಶುರು ಮಾಡುವುದಿಲ್ಲ, ಹೆಸರು ಹಿಡಿದು ಕರೆಯುತ್ತಾರೆ. ಮನೆಯಲ್ಲಿ ಹಾಗೆ ಕಾಯುವವರು ಯಾರಿದ್ದಾರೆ? ಅಡಿಕೆ ಸುಲಿತದ ಕಾಲದಲ್ಲಿ ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಡಬ್ಬದ ಲೆಕ್ಕದಲ್ಲಿ ಕೂಲಿ, ನಡುವೆ ಎದ್ದರೆ ಅಷ್ಟು ನಷ್ಟ. ಪಕ್ಕದಲ್ಲಿ ಕತ್ತಿಗಳ ನಡುವೆ ಓಡಾಡುವ ಮಗುವಿನ ಕೈಗೆ ಫೋನ್ ಕೊಟ್ಟು ಮೂಲೆಯಲ್ಲಿ ಕೂರಿಸಿದ ತಾಯಿಗೆ ಬುದ್ಧಿ ಹೇಳಲು ನನಗಂತೂ ಬಾಯಿ ಬರುವುದಿಲ್ಲ. ಪಾಲಕರ ಸಭೆಯಲ್ಲಿ ಬುದ್ಧಿ ಹೇಳುವವರು ಆ ಚಪ್ಪರದಡಿ ಒಂದು ರಾತ್ರಿ ಕುಳಿತು ಬರಲಿ.

ಸರ್ಕಾರ ಕಾನೂನು ಮಾಡಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಿದೆ, ಸಂತೋಷ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ರಮ್ಮಿ ಆಡಿ ತೋಟ ಕಳೆದುಕೊಂಡವರ ಮನೆಗಳಿಗೆ ಅದರಿಂದ ಉಪಕಾರವಾದೀತು. ಮೂರನೇ ತರಗತಿಯ ಹುಡುಗ ಆಡುವುದು ಆ ಆಟವನ್ನಲ್ಲ. ಅವನು ಏನನ್ನೂ ಗೆಲ್ಲುವುದಿಲ್ಲ. ಕಳೆಯುವುದು ಹೊತ್ತು, ನಿದ್ದೆ, ಅಪ್ಪನ ಖಾತೆಯ ಚಿಲ್ಲರೆ. ಕಾಯ್ದೆಯ ಕಣ್ಣಿಗೆ ಅದು ಬೀಳುವುದಿಲ್ಲ.

ನಿಷೇಧದ ಗತಿ ಏನಾಗುತ್ತದೆ ಎಂಬುದನ್ನೂ ನನ್ನ ಟೇಬಲ್ಲಿನ ಮೇಲೆಯೇ ನೋಡಿದ್ದೇನೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಂತಿತು, ಮಕ್ಕಳು ಫ್ರೀ ಫೈರ್‌ಗೆ ಹೋದರು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿಂತಿತು, ಅಷ್ಟರಲ್ಲಿ ಪಬ್‌ಜಿಯೇ ಬೇರೆ ಹೆಸರಿನಲ್ಲಿ ಬಂದು ಆಗಿತ್ತು. ಆ ಹೊಸ ರೂಪದಲ್ಲಿ ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಆದರೆ ಫೋನ್ ಅಜ್ಜನದು, ಖಾತೆ ಅಜ್ಜನದು, ಹುಟ್ಟಿದ ಇಸವಿ 1955. ಕಂಪನಿಯ ಲೆಕ್ಕದಲ್ಲಿ ರಾತ್ರಿ ಹನ್ನೊಂದಕ್ಕೆ ಬಂದೂಕು ಹಿಡಿದು ಓಡುತ್ತಿರುವವರು ಮಂಡಿನೋವಿನ ಅಜ್ಜ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಒಟಿಪಿ ಬರುವುದು ಮಗುವಿನ ಕೈಯಲ್ಲಿರುವ ಫೋನಿಗೇ. ಗೂಗಲ್‌ನವರ ಫ್ಯಾಮಿಲಿ ಲಿಂಕ್, ಅಂದರೆ ಮಗುವಿನ ಫೋನ್ ಬಳಕೆಗೆ ಪಾಲಕರು ಮಿತಿ ಹಾಕುವ ಆ್ಯಪ್, ಹಾಕಿಕೊಡಿ ಎಂದು ಓದಿಕೊಂಡ ಪಾಲಕರು ಬರುತ್ತಾರೆ, ಹಾಕಿಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಆದರೆ ಅದು ಮಗುವಿಗೆ ಬೇರೆ ಫೋನ್ ಇರುವ ಮನೆಗಳಿಗೆ ಮಾಡಿದ ವ್ಯವಸ್ಥೆ. ಇಡೀ ಮನೆಗೆ ಒಂದೇ ಫೋನ್ ಇರುವಲ್ಲಿ ಅದಕ್ಕೆ ಬೀಗ ಹಾಕಿದರೆ ಅಪ್ಪನಿಗೂ ಬೀಗ.

ದಕ್ಷಿಣ ಕೊರಿಯಾದಂಥ ದೇಶ 2011ರಲ್ಲಿ ಹದಿನಾರರೊಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡದಂತೆ ಕಾನೂನು ಮಾಡಿ, ಹತ್ತು ವರ್ಷ ನಡೆಸಿ, ಕೊನೆಗೆ ಕೈಬಿಟ್ಟಿತು. ಆದ್ದರಿಂದ ಇನ್ನೊಂದು ನಿಷೇಧ ಮಾಡಿ ಎಂದು ತಮ್ಮನ್ನು ನಾನು ಕೇಳುವುದಿಲ್ಲ. ಅದು ತಮ್ಮ ಕೈಯಲ್ಲಿ ಇಲ್ಲ ಕೂಡ. ತಮ್ಮ ಕೈಯಲ್ಲಿರುವುದನ್ನಷ್ಟೇ ಕೇಳುತ್ತೇನೆ.

ಎಲ್ಲಕ್ಕಿಂತ ಮೊದಲು, ಒಂದರಿಂದ ಐದನೇ ತರಗತಿಯವರೆಗೆ ಯಾವ ಶಾಲೆಯೂ ಹೋಂವರ್ಕನ್ನು ಫೋನಿನ ಮೂಲಕ ಕೊಡಬಾರದು, ಫೋನಿನ ಮೂಲಕ ಕೇಳಲೂಬಾರದು ಎಂದು ಲಿಖಿತ ಆದೇಶ ಬೇಕು. ಖಾಸಗಿ ಶಾಲೆಗಳ ಮೇಲೆ ನೇರ ಹತೋಟಿ ಶಿಕ್ಷಣ ಇಲಾಖೆಯದು ಎಂದು ಬಲ್ಲೆ. ಉಪನಿರ್ದೇಶಕರಿಗೆ ತಾವು ಒಂದು ಮಾತು ಬರೆದರೆ ಅದು ಅಲ್ಲಿಗೂ ಮುಟ್ಟುತ್ತದೆ. ಹೋಂವರ್ಕ್ ಡೈರಿಯಲ್ಲಿ ಬರಲಿ. ಹಾಡಿದ್ದನ್ನು ಮೇಷ್ಟರು ಮರುದಿನ ತರಗತಿಯಲ್ಲಿ ಕೇಳಲಿ, ವಿಡಿಯೊದಲ್ಲಿ ಯಾಕೆ? ಭಾರತೀಯ ಮಕ್ಕಳ ವೈದ್ಯರ ಸಂಘ 5ರಿಂದ 10 ವರ್ಷದ ಮಕ್ಕಳಿಗೆ ದಿನಕ್ಕೆ 2 ಗಂಟೆಗಿಂತ ಕಡಿಮೆ ಪರದೆ ಎಂದು ಹೇಳಿದೆ, ಟಿವಿಯೂ ಸೇರಿ. ಅದರಲ್ಲಿ ಮುಕ್ಕಾಲು ಗಂಟೆಯನ್ನು ಶಾಲೆಯೇ ತಿಂದರೆ ಉಳಿದದ್ದಕ್ಕೆ ಲೆಕ್ಕ ಇಡುವವರು ಯಾರು? ಈ ಆದೇಶಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಶಿಕ್ಷಕರು ಬೇಸರಿಸಿಕೊಳ್ಳುವುದಿಲ್ಲ ಎಂದೂ ಭರವಸೆ ಕೊಡಬಲ್ಲೆ. ರಾತ್ರಿ ಒಂಬತ್ತಕ್ಕೆ ಕೂತು ಮೂವತ್ತು ವಿಡಿಯೊಗಳಿಗೆ ಹೆಬ್ಬೆರಳಿನ ಗುರುತು ಒತ್ತುವ ಕಷ್ಟ ಅವರದೂ ಹೌದು. ಆ ಫೋಟೊಗಳು ಯಾವ ವರದಿಗೆ ಬೇಕಾಗುತ್ತವೆ ಎಂಬುದನ್ನು ತಮ್ಮ ಕಚೇರಿಯಲ್ಲಿ ಒಮ್ಮೆ ವಿಚಾರಿಸಬೇಕೆಂದು ವಿನಂತಿ. ಮೇಲಿನವರು ಕೇಳುತ್ತಾರೆ ಎಂದೇ ಕೆಳಗಿನವರು ತೆಗೆಯುತ್ತಾರೆ.

ಮಳೆ ರಜೆಯನ್ನು ಆಕಾಶವಾಣಿ ಭದ್ರಾವತಿಯಲ್ಲಿ ಬೆಳಿಗ್ಗೆ ಒಂದು ಗೊತ್ತಾದ ಹೊತ್ತಿಗೆ ಪ್ರಕಟಿಸುವ ಏರ್ಪಾಡು ಮಾಡಲು ಜಿಲ್ಲಾಧಿಕಾರಿಗಳನ್ನು ಕೋರಬೇಕು. ನಮ್ಮಲ್ಲಿ ಕರೆಂಟ್ ಹೋದರೂ ರೇಡಿಯೊ ನಡೆಯುತ್ತದೆ, ಟವರ್ ಬಿದ್ದರೂ ನಡೆಯುತ್ತದೆ. ಇದನ್ನು ಹೇಳಿದಾಗ ಎಸ್‌ಡಿಎಂಸಿಯ ಗೆಳೆಯರು ನಕ್ಕರು. ಆದರೆ ಕಳೆದ ಆಗಸ್ಟಿನ ಗಾಳಿಯಲ್ಲಿ ಟವರ್ ನಿಂತಾಗ ರಜೆಯ ಸುದ್ದಿ ಮುಟ್ಟದೆ ಮಕ್ಕಳು ನೆನೆದುಕೊಂಡು ಶಾಲೆಯ ಬಾಗಿಲಿಗೆ ಬಂದು ನಿಂತಿದ್ದನ್ನು ಅವರೂ ನೋಡಿದ್ದಾರೆ.

ಇನ್ನು ಗ್ರಂಥಾಲಯ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆಲ್ಲ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತ. ಒಳ್ಳೆಯ ಯೋಜನೆ, ನನ್ನ ಮಗಳ ಹತ್ತಿರವೂ ಕಾರ್ಡ್ ಇದೆ. ಗ್ರಂಥಾಲಯ ಇರುವುದು ಪಂಚಾಯಿತಿ ಕಚೇರಿಯ ಪಕ್ಕ, ಮನೆಗಳು ಇರುವುದು ಗುಡ್ಡದ ಆಚೆ. ಮಳೆಗಾಲದಲ್ಲಿ ಮಗು ಪುಸ್ತಕದ ಹತ್ತಿರ ಹೋಗಲು ಆಗುವುದಿಲ್ಲ. ಪುಸ್ತಕವೇ ಮೊದಲೇ ಮನೆಗೆ ಹೋಗಿರಬೇಕು. ಮೇ ಕೊನೆಯೊಳಗೆ ಪ್ರತಿ ಗ್ರಂಥಾಲಯದಿಂದ ಒಂದೊಂದು ಶಾಲೆಗೆ ಒಂದು ಪೆಟ್ಟಿಗೆ ಹೋಗಲಿ. ಅದರಿಂದ ಪ್ರತಿ ಮಗುವೂ ಮೂರು ನಾಲ್ಕು ಕತೆಪುಸ್ತಕ ಮತ್ತು ಮನೆಯೊಳಗೆ ಕುಳಿತು ಆಡುವ ಒಂದು ಆಟವನ್ನು ಮಳೆ ಮುಗಿಯುವವರೆಗೆ ಒಯ್ಯಲಿ. ಕೇರಂ, ಚದುರಂಗ, ಚೌಕಾಬಾರ, ಏನಾದರೂ ಸರಿ. ಚೆನ್ನೆಮಣೆಯಂತೂ ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ಹಿಡಿದು ಕೂತಿದೆ, ಅದಕ್ಕೆ ಅನುದಾನ ಬೇಡ. ಹಳೆಯ ಆಟಗಳ ಉತ್ಸವ ಎಂದು ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಫೋಟೊ ತೆಗೆದು ಮುಗಿಸುವ ಕಾರ್ಯಕ್ರಮ ಮಾತ್ರ ದಯವಿಟ್ಟು ಬೇಡ. ಮಕ್ಕಳಿಗೆ ಬೇಕಾಗಿರುವುದು ಜುಲೈ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಕೈಗೆ ಸಿಗುವ ವಸ್ತು.

ಮಳೆ ಇಲ್ಲದ ತಿಂಗಳುಗಳಲ್ಲಿ ಶಾಲೆಯ ಅಂಗಳವನ್ನು ಸಂಜೆ ಒಂದೂವರೆ ಗಂಟೆ ತೆರೆದಿಡಲು ಅನುಮತಿ ಕೊಡಿ. ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು, ಗ್ರಂಥಾಲಯ ಇರಬೇಕು ಎಂದು 2009ರಲ್ಲೇ ಹೇಳಿದೆ. ನಮ್ಮ ಶಾಲೆಯಲ್ಲಿ ಮೈದಾನ ಇದೆ. ನಾಲ್ಕೂವರೆಗೆ ಗೇಟಿಗೆ ಬೀಗ ಬೀಳುತ್ತದೆ, ಯಾಕೆಂದರೆ ಏನಾದರೂ ಆದರೆ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕು. ಅವರ ಭಯ ನ್ಯಾಯವಾದದ್ದು. ಜವಾಬ್ದಾರಿಯನ್ನು ಎಸ್‌ಡಿಎಂಸಿ ಬರೆದುಕೊಟ್ಟು ವಹಿಸಿಕೊಳ್ಳುತ್ತದೆ ಎಂದು ಒಂದು ಸಾಲಿನ ಸುತ್ತೋಲೆ ಬಂದರೆ ಬೀಗದ ಕೈ ನಾವು ಇಟ್ಟುಕೊಳ್ಳುತ್ತೇವೆ. ಪಾಳಿಯ ಮೇಲೆ ಇಬ್ಬರು ಪಾಲಕರು ನಿಲ್ಲುತ್ತಾರೆ. ಒಂಟಿಮನೆಯ ಮಗುವಿಗೆ ಇನ್ನೊಂದು ಮಗು ಸಿಗುವ ಜಾಗ ನಮ್ಮಲ್ಲಿ ಅದೊಂದೇ.

ಆರೋಗ್ಯದ ವಿಷಯಕ್ಕೆ ಬರುತ್ತೇನೆ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಕಣ್ಣು, ಹಲ್ಲು, ತೂಕ ನೋಡುತ್ತದೆ. ಅದೇ ದಿನ ಮೂರು ಪ್ರಶ್ನೆ ಕೇಳಲು ಹೆಚ್ಚು ಹೊತ್ತು ಬೇಡ: ರಾತ್ರಿ ಎಷ್ಟಕ್ಕೆ ಮಲಗುತ್ತೀಯ, ಮಲಗುವ ಮುಂಚೆ ಕೈಯಲ್ಲಿ ಏನಿರುತ್ತದೆ, ಫೋನ್ ತೆಗೆದುಕೊಂಡರೆ ಏನು ಮಾಡುತ್ತೀಯ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಚಿಕಿತ್ಸಾ ಘಟಕ ಇದೆ, ಆದರೆ ಸುಲಿತದ ಕೂಲಿ ಬಿಟ್ಟು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರು ಯಾರು? 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ ಎಂಬುದೂ, 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವರು ಉಚಿತವಾಗಿ ಮಾತನಾಡುತ್ತಾರೆ ಎಂಬುದೂ ನಮ್ಮ ಊರಿನ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದ ಕಾರಣ ಜನ ತಮಗೆ ತಿಳಿದ ಔಷಧ ಮಾಡುತ್ತಾರೆ. ಬೆನ್ನಿಗೆ ನಾಲ್ಕು ಬಾರಿಸುವುದು, ಇಲ್ಲವೇ ಫೋನನ್ನು ಅಂಗಳಕ್ಕೆ ಎಸೆಯುವುದು. ಎಸೆದ ಫೋನ್ ಎರಡು ದಿನ ಬಿಟ್ಟು ನನ್ನ ಅಂಗಡಿಗೆ ಬರುತ್ತದೆ, ಡಿಸ್‌ಪ್ಲೇಗೆ ಒಂದೂವರೆ ಸಾವಿರ. ಹೊಡೆತ ತಿಂದ ಮಗು ಎಲ್ಲಿಗೂ ಬರುವುದಿಲ್ಲ. ಆ ಎರಡು ಮಾಹಿತಿಯನ್ನು ಶಾಲೆಯ ಗೋಡೆಯ ಮೇಲೆ, ಬಿಸಿಯೂಟದ ಪಟ್ಟಿಯ ಪಕ್ಕದಲ್ಲಿ, ಬಣ್ಣದಲ್ಲಿ ಬರೆಸಿದರೆ ಸಾಕು.

ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯುತ್ತದೆ. ಈ ಸಲ ಅಲ್ಲಿ ಈ ವಿಷಯ ಬರಲಿ, ದೊಡ್ಡವರ ಭಾಷಣ ಇಲ್ಲದೆ. ಮಕ್ಕಳು ಹೇಳುವುದು ನಮಗೆ ಹಿತವಾಗಿ ಇರಲಾರದು. ಅಪ್ಪನೂ ರಾತ್ರಿ ರೀಲ್ಸ್ ನೋಡುತ್ತಾನೆ ಎಂದು ಮೊದಲನೇ ಮಗುವೇ ಎದ್ದು ಹೇಳೀತು. ಹೇಳಲಿ, ನಡಾವಳಿಯಲ್ಲಿ ಬರೆದುಕೊಳ್ಳಲಿ.

ಅಂಗಡಿಯವರ ಪಾಲಿನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರ ಒಂದು ಕಡೆಯದಾಗುತ್ತದೆ. ಆಟದೊಳಗೆ ಹಣದಂತೆ ಬಳಸುವ ರಿಡೀಮ್ ಕೋಡ್ ಮಾರುವುದರಲ್ಲಿ ನಮಗೆ ಸಿಗುವ ಕಮಿಷನ್ ಅಷ್ಟಕ್ಕಷ್ಟೇ, ಆದರೂ ಮಾರುವವರಿದ್ದಾರೆ. ಸಮವಸ್ತ್ರದಲ್ಲಿ ಬಂದ ಮಗುವಿಗೆ ಕೋಡ್ ಕೊಡುವುದಿಲ್ಲ, ಪಾಲಕರಿಲ್ಲದೆ ಲಾಕ್ ತೆಗೆಯುವುದಿಲ್ಲ ಎಂದು ನಮ್ಮ ಪೇಟೆಯ ಮೊಬೈಲ್ ಅಂಗಡಿಯವರು ಮಾತಾಡಿಕೊಂಡಿದ್ದೇವೆ. ಶಾಲೆಗಳಿರುವ ಎಲ್ಲ ಪೇಟೆಗಳಲ್ಲೂ ಹೀಗೆ ಆಗಬೇಕಾದರೆ ಪಂಚಾಯಿತಿಯವರು ಪರವಾನಗಿ ನವೀಕರಣದ ಹೊತ್ತಿಗೆ ಒಂದು ಮಾತು ಹೇಳಬೇಕು. ಮುದ್ರೆಯ ಜೊತೆ ಹೇಳಿದ ಮಾತಿಗೆ ತೂಕ ಬೇರೆ.

ಹೋಂವರ್ಕಿನ ಆದೇಶ ಮತ್ತು ಪುಸ್ತಕದ ಪೆಟ್ಟಿಗೆ ಈ ಎರಡಾದರೂ ಬರುವ ಜೂನ್‌ಗೆ ಮೊದಲು ಆಗಬೇಕು. ಮಳೆ ಹಿಡಿದ ಮೇಲೆ ಬಂದರೆ ಈ ವರ್ಷ ಉಪಯೋಗಕ್ಕೆ ಬಾರದು. ಉಳಿದವುಗಳಿಗೆ ಸಮಯ ಬೇಕು ಎಂದು ಅರ್ಥವಾಗುತ್ತದೆ. ಆಗುವುದಿಲ್ಲ ಎನ್ನುವುದಾದರೆ ಯಾವುದು, ಯಾವ ನಿಯಮದ ಪ್ರಕಾರ ಆಗುವುದಿಲ್ಲ ಎಂದು ತಿಳಿಸಿದರೂ ಉಪಕಾರ, ನಾವು ಆ ಬಾಗಿಲು ಬಿಟ್ಟು ಇನ್ನೊಂದು ತಟ್ಟುತ್ತೇವೆ. ನಮ್ಮ ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ತಮ್ಮ ಉತ್ತರವನ್ನು ಓದುವುದೆಂದು ಗೊತ್ತುಮಾಡಿದ್ದೇವೆ. ದಯವಿಟ್ಟು ಅದನ್ನು ಅಂಚೆಯಲ್ಲಿ ಕಳುಹಿಸಿ. ಶಾಲೆಯ ಗುಂಪಿಗೆ ಹಾಕಿದರೆ ಅದನ್ನು ಮೊದಲು ತೆರೆಯುವುದು ಮಕ್ಕಳೇ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮೊಬೈಲ್ ಅಂಗಡಿಯವ, ಎಸ್‌ಡಿಎಂಸಿ ಸದಸ್ಯ,
ಹೊಸನಗರ ತಾಲ್ಲೂಕು

ಪ್ರತಿ: ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಶಿವಮೊಗ್ಗ, ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ.